ಆಳಿಗಾಳೋ, ಜಾಗ ಕಾಯುವುದೋ

ಮೊನ್ನೆ ಅಟ್ಟ ಸ್ವಚ್ಛ ಮಾಡಿಸುತ್ತಿದ್ದಾಗ ಎರಡೂ ತುದಿ ಚೂಪಾದ ಒಂದು ಚೆಂಡು ಉರುಳಿಬಂದು ನನ್ನ ಹೆಗಲ ಮೇಲೆ ಬಿತ್ತು. ಬಿದ್ದದ್ದು ಮರ್ಯಾದೆಯಿಂದ ಒಂದು ಕಡೆ ಕೂರಲಿಲ್ಲ. ಎಡಕ್ಕೆ ಹಾರುತ್ತದೆ ಅಂದುಕೊಂಡರೆ ಬಲಕ್ಕೆ ಹಾರಿತು, ಹಿಡಿಯಲು ಬಗ್ಗಿದರೆ ಹಿಂದಕ್ಕೆ ಪುಟಿಯಿತು, ಕೊನೆಗೆ ಸೋಫಾದ ಕೆಳಗೆ ಹೋಗಿ ಅವಿತುಕೊಂಡಿತು. ಮನೆಗೆಲಸಕ್ಕೆ ಬರುವ ಸರೋಜಾ ಪೊರಕೆ ತೂರಿಸಿ ಅದನ್ನು ಹೊರಗೆಳೆದು ಸ್ವಲ್ಪ ಹೊತ್ತು ನೋಡಿದಳು.

‘ಚೆಂಡಾ ಮೇಡಂ ಇದು? ಯಾರೋ ಮೇಲೆ ಕೂತ್ಬಿಟ್ಟವ್ರೆ. ಬಿಸಾಕ್ಲಾ, ಇಡ್ಲಾ?’

ಸುಲಭದ ಪ್ರಶ್ನೆ. ಆದರೂ ನನಗೆ ರೇಗಿತು. ಆ ಚೆಂಡನ್ನು ಕಂಡರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಉಳಿದ ಭಾವನೆಗಳೆಲ್ಲ ಸಾವಕಾಶವಾಗಿ ಸರತಿಯಲ್ಲಿ ಬರುತ್ತವೆ.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ವೈಟ್‌ಫೀಲ್ಡಿನ ದೊಡ್ಡ ಐಟಿ ಪಾರ್ಕು ಆಗಷ್ಟೇ ಗಾಜು ಹೊದ್ದು ನಿಂತಿತ್ತು. ನಮ್ಮ ಕಂಪನಿ ಅದರೊಳಗೆ ಇರಲಿಲ್ಲ. ಅದರ ಹಿಂದಿನ ರಸ್ತೆಯಲ್ಲಿ, ಕೆಳಗೆ ಟೈಲ್ಸ್ ಅಂಗಡಿ ಇದ್ದ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಊರಿಗೆ ಫೋನು ಮಾಡಿದಾಗ ಮಾತ್ರ ನಾನು ‘ಪಾರ್ಕಿನ ಹತ್ರ’ ಎಂದು ಹೇಳುತ್ತಿದ್ದೆ. ರಾಣೆಬೆನ್ನೂರಿನಲ್ಲಿದ್ದ ನಮ್ಮ ಅವ್ವ ಅದನ್ನು ಹೂವಿನ ಗಿಡಗಳ ಪಾರ್ಕೆಂದೇ ತಿಳಿದು, ‘ಸಂಜೀಕ ತಂಪು ಗಾಳಿ ಬರತೈತಿ ಬಿಡವಾ’ ಎಂದು ಸಮಾಧಾನಪಡುತ್ತಿದ್ದಳು. ಬರುತ್ತಿದ್ದದ್ದು ಜನರೇಟರಿನ ಹೊಗೆ.

ಆ ಕಾಲಕ್ಕೆ ಲೋಕದಲ್ಲಿದ್ದ ಪ್ರೋಗ್ರಾಮರುಗಳೆಲ್ಲ ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ಕೆಟ್ಟುನಿಲ್ಲುತ್ತವೆಂದು ಇಸವಿ ತಿದ್ದುವ ಕೆಲಸದಲ್ಲಿದ್ದರು. ಬೇಸರದ ಕೆಲಸ, ಆದರೆ ಅರ್ಥವಾಗುವ ಕೆಲಸ. ಒಂದು ಬೆಳಿಗ್ಗೆ ನಮ್ಮ ಮ್ಯಾನೇಜರು ರಘು ನನ್ನ ಮೇಜಿನ ಬಳಿ ಬಂದು, ‘ಗಿರಿಜಾ, ನಿಮಗೆ ಒಂದು ಇಂಟರೆಸ್ಟಿಂಗ್ ಪ್ರಾಜೆಕ್ಟ್ ತಂದಿದ್ದೀನಿ’ ಎಂದರು. ಓದುಗರೇ, ನಿಮ್ಮ ಮೇಲಿನವರು ‘ಇಂಟರೆಸ್ಟಿಂಗ್’ ಎಂಬ ಪದ ಬಳಸಿದರೆ ತಕ್ಷಣ ಹೊಟ್ಟೆ ನೋವೆಂದು ಹೇಳಿ ಮನೆಗೆ ಹೋಗಿಬಿಡಿ. ನಾನು ಹೋಗಲಿಲ್ಲ.

ಅಮೆರಿಕದ ಒಂದು ಕಾಲೇಜಿನ ಫುಟ್‌ಬಾಲ್ ತಂಡದ ಕೋಚ್‌ಗೆ ಪ್ರೋಗ್ರಾಂ ಬರೆದುಕೊಡಬೇಕು. ಅವರು ತಮ್ಮ ಹುಡುಗರ ವಿವರ ತುಂಬುತ್ತಾರೆ, ಎದುರಾಳಿಗಳ ವಿವರ ತುಂಬುತ್ತಾರೆ. ಎದುರಾಳಿ ಚೆಂಡು ಎಸೆದಾಗ ತಡೆಯಲು ಹುಡುಗರನ್ನು ಹೇಗೆ ನಿಲ್ಲಿಸಬೇಕೆಂದು ಕಂಪ್ಯೂಟರು ಹೇಳಬೇಕು.

‘ಫುಟ್‌ಬಾಲಿನಲ್ಲಿ ಯಾಕೆ ಸಾರ್ ಎಸೀತಾರೆ?’ ಎಂದು ನಾನು ಕೇಳಿದೆ.

‘ಅದೆಲ್ಲ ಡೀಟೇಲ್ಸು, ಆಮೇಲೆ ನೋಡ್ಕೊಳ್ಳೋಣ. ನಾನು ಯೆಸ್ ಅಂದ್ಬಿಟ್ಟಿದ್ದೀನಿ’ ಎಂದರು ರಘು.

ಆಟಕ್ಕೂ ನನಗೂ ಇದ್ದ ಸಂಬಂಧವನ್ನು ಇಲ್ಲೇ ಹೇಳಿಬಿಡುತ್ತೇನೆ. ಏಳನೇ ಇಯತ್ತೆಯಲ್ಲಿ, ತರಗತಿಗೆಲ್ಲ ಉದ್ದನೆಯ ಹುಡುಗಿ ಎಂದು, ನಮ್ಮ ಆಟದ ಮಾಸ್ತರರು ನನ್ನನ್ನು ಥ್ರೋಬಾಲ್ ತಂಡಕ್ಕೆ ಹಾಕಿ ನೆಟ್ಟಿನ ಮುಂದೆ ನಿಲ್ಲಿಸಿದರು. ಮೊದಲ ಚೆಂಡು ನೇರ ನನ್ನ ಮೂಗಿಗೆ ಬಂತು. ನಾನು ಕೈ ಎತ್ತಲೇ ಇಲ್ಲ. ‘ಎತ್ತರ ಅದೀ ಅಂತ ಮುಂದ ನಿಲ್ಲಿಸಿದ್ರ, ಗಳದಾಂಗ ನಿಂತಬಿಟ್ಟಿಯಲ್ಲವಾ!’ ಎಂದು ಅವರು ತಲೆ ಚಚ್ಚಿಕೊಂಡರು. ಅಂದಿನಿಂದ ಹೈಸ್ಕೂಲು ಮುಗಿಯುವವರೆಗೆ ತಂಡದ ನೀರಿನ ಕೊಡ ಕಾಯುವುದು ನನ್ನ ಪಾಲಿನ ಆಟ. ಆ ಕೆಲಸದಲ್ಲಿ ನನ್ನನ್ನು ಮೀರಿಸಿದವರು ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳಬಲ್ಲೆ.

ನನಗೆ ಜೊತೆಗಾರರಾಗಿ ಇಬ್ಬರನ್ನು ಕೊಟ್ಟರು. ಒಬ್ಬ ಶಿವು, ಮಲ್ಲೇಶ್ವರದವನು. ಕೀಬೋರ್ಡಿನ ಮೇಲೆ ಅವನ ಬೆರಳು ಓಡುವುದು ಕೇಳಿದರೆ ಆಲಿಕಲ್ಲು ಮಳೆ ಬಂದ ಹಾಗಿರುತ್ತಿತ್ತು. ಇನ್ನೊಬ್ಬರು ಮಹದೇವಪ್ಪ. ನಲವತ್ತು ದಾಟಿದವರು. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಹದಿನೆಂಟು ವರ್ಷ ನಟ್ಟು ಬೋಲ್ಟು ನೋಡಿಕೊಂಡಿದ್ದವರು. ಅದು ಮುಚ್ಚಿದ ಮೇಲೆ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದರು. ದೊಡ್ಡನೆಕ್ಕುಂದಿಯಲ್ಲಿ ಮನೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಒಂದಕ್ಷರ ಒತ್ತಿ, ಅದು ಪರದೆಯ ಮೇಲೆ ಬಂತೋ ಇಲ್ಲವೋ ಎಂದು ಕನ್ನಡಕದ ಮೇಲಿನಿಂದ ನೋಡಿ, ಆಮೇಲೆ ಮುಂದಿನ ಅಕ್ಷರ. ಶಿವು ಹತ್ತು ಪುಟ ಮುಗಿಸುವಷ್ಟರಲ್ಲಿ ಇವರದು ಒಂದೂವರೆ. ಅವರ ಬೆನ್ನ ಹಿಂದೆ ನಿಂತು ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೋ ಲೆಕ್ಕವಿಲ್ಲ.

ಕೋಚ್ ಒಂದು ಪಾರ್ಸೆಲ್ ಕಳಿಸಿದರು. ಅದರಲ್ಲಿ ಈ ಚೆಂಡು, ಆರು ವೀಡಿಯೊ ಕ್ಯಾಸೆಟ್ಟು, ಎಪ್ಪತ್ತು ಪುಟದ ಪುಸ್ತಿಕೆ. ಕ್ಯಾಸೆಟ್ಟುಗಳು ಅಮೆರಿಕದ ಪದ್ಧತಿಯವು. ನಮ್ಮ ಆಫೀಸಿನ ವಿ.ಸಿ.ಆರ್.ಗೆ ಹಾಕಿದರೆ ಬಣ್ಣವಿಲ್ಲದ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಹೆಲ್ಮೆಟ್ಟು ಹಾಕಿದ ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಬಿದ್ದವರು ಹಾಗೇ ಮೇಲಕ್ಕೆ ಉರುಳಿ ಟೀವಿಯ ನೆತ್ತಿಯಲ್ಲಿ ಮಾಯವಾಗುತ್ತಿದ್ದರು. ‘ಗುರು, ಇದು ಆಟಾನಾ, ಬಸ್ ಹತ್ತೋ ಗಲಾಟೇನಾ?’ ಎಂದು ಶಿವು ಕೇಳಿದ. ಎರಡು ದಿನ ನೋಡಿ ಮೂವರಿಗೂ ತಲೆನೋವು ಬಂತು.

ಉಳಿದದ್ದು ಫೋನು. ಬೆಳಿಗ್ಗೆ ಏಳಕ್ಕೆ ನಾವು ಸ್ಪೀಕರ್ ಫೋನಿನ ಸುತ್ತ ಕೂರುತ್ತಿದ್ದೆವು. ಕೋಚ್ ಒಳ್ಳೆಯ ಮನುಷ್ಯ, ಆದರೆ ಬಾಯಲ್ಲಿ ಏನೋ ಅಗಿಯುತ್ತಲೇ ಮಾತಾಡುವವರು. ವಾರಗಟ್ಟಲೆ ಕೇಳಿ ನಮಗೆ ತಿಳಿದದ್ದು ಇಷ್ಟು. ಅಮೆರಿಕದವರ ಫುಟ್‌ಬಾಲಿನಲ್ಲಿ ಚೆಂಡು ಕಾಲಿಗಿಂತ ಕೈಯಲ್ಲೇ ಹೆಚ್ಚು. ಎದುರಾಳಿಗಳಲ್ಲಿ ಒಬ್ಬ ಚೆಂಡು ಎಸೆಯುವವನು. ಮೂರು ನಾಲ್ಕು ಮಂದಿ ದೂರ ಓಡಿಹೋಗಿ ಹಿಡಿಯುವವರು. ಅವರು ಹಿಡಿಯದಂತೆ ನೋಡಿಕೊಳ್ಳುವುದು ನಮ್ಮವರ ಕೆಲಸ. ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಹಿಡಿಯುವ ಒಬ್ಬೊಬ್ಬನಿಗೂ ಅಂಟಿಕೊಂಡು ನಮ್ಮವನೊಬ್ಬ ಓಡುವುದು. ಇನ್ನೊಂದು, ಮೈದಾನವನ್ನೇ ಪಾಲು ಮಾಡಿಕೊಂಡು, ತನ್ನ ಪಾಲಿನೊಳಗೆ ಬಂದವನನ್ನು ನೋಡಿಕೊಳ್ಳುವುದು. ನಾವು ನಮ್ಮೊಳಗೆ ಅವಕ್ಕೆ ‘ಆಳಿಗಾಳು’ ಮತ್ತು ‘ಜಾಗ ಕಾಯುವುದು’ ಎಂದು ಹೆಸರಿಟ್ಟೆವು. ಯಾವ ಹುಡುಗರಿಗೆ ಯಾವ ದಾರಿ ಸರಿ ಎಂಬುದೇ ಪ್ರೋಗ್ರಾಂ.

ಇದರ ನಡುವೆ ‘ನಿಕಲ್’ ಎಂಬುದೊಂದು ಬಂತು. ಎದುರಾಳಿ ಓಡುವವರನ್ನು ಹೆಚ್ಚು ಮಾಡಿದಾಗ, ನಮ್ಮ ದಪ್ಪ ಆಸಾಮಿಯೊಬ್ಬನನ್ನು ಹೊರಗೆ ಕಳಿಸಿ, ಹಿಂದೆ ಕಾಯುವ ನಾಲ್ವರ ಜೊತೆಗೆ ಐದನೆಯವನನ್ನು ಇಳಿಸುತ್ತಾರೆ; ಅವರ ಐದು ಸೆಂಟಿನ ನಾಣ್ಯದ ಹೆಸರು ನಿಕಲ್, ಹಾಗಾಗಿ ಅವನಿಗೆ ಆ ಹೆಸರು. ಶಿವುಗೆ ಐದರ ನಾಣ್ಯ ಎಂಬುದಷ್ಟೇ ಕಿವಿಗೆ ಬಿದ್ದಿತ್ತು. ಮರುದಿನ ಪರದೆಯಲ್ಲಿ ಪ್ರತಿ ಹುಡುಗನ ಹೆಸರಿನ ಮುಂದೆ ‘ಐದು ಪೈಸೆ’ ಎಂದು ಬಂತು. ಫ್ಯಾಕ್ಸಿನಲ್ಲಿ ಅದನ್ನು ನೋಡಿ, ಪೈಸೆಯೆಂದರೇನೆಂದು ಕೇಳಿ ತಿಳಿದ ಕೋಚ್, ‘ಮ್ಯಾಮ್, ನನ್ನ ಹುಡುಗರು ಅಷ್ಟೊಂದು ಅಗ್ಗವೇನಲ್ಲ’ ಎಂದರು.

ಹೇಗೋ ಮಾರ್ಚ್ ಕೊನೆಗೆ ಪ್ರೋಗ್ರಾಂ ಕಳಿಸಿದೆವು. ಅವರು ತಮ್ಮ ಹನ್ನೊಂದು ಹುಡುಗರ ಓಟದ ವೇಗ ತುಂಬಿದರು. ಕಂಪ್ಯೂಟರು ಒಂದು ಕ್ಷಣವೂ ಯೋಚಿಸದೆ ‘ಆಳಿಗಾಳು’ ಎಂದಿತು. ಎದುರಾಳಿಗಳನ್ನು ಬದಲಿಸಿದರು, ಮತ್ತೆ ‘ಆಳಿಗಾಳು’. ಕೋಚ್ ನಂಬಿ, ಅಭ್ಯಾಸದ ಪಂದ್ಯದಲ್ಲಿ ಹಾಗೇ ನಿಲ್ಲಿಸಿದರು. ಇಪ್ಪತ್ತನಾಲ್ಕನೇ ನಂಬರಿನ ಹುಡುಗನೊಬ್ಬನಿದ್ದ. ಅವನ ಪಾಲಿಗೆ ಬಂದ ಎದುರಾಳಿ ಅವನನ್ನು ದಾಟಿ ಓಡಿ ಚೆಂಡು ಹಿಡಿದ. ಮತ್ತೆ ಹಿಡಿದ. ಮೂರನೇ ಸಲ ಹಿಡಿದಾಗ ಅಪ್ಪ ಅಮ್ಮ ನೋಡುತ್ತಿದ್ದಾರೆಂಬ ಅವಮಾನಕ್ಕೆ ಆ ಹುಡುಗ ಮೈದಾನದಲ್ಲೇ ಕೂತುಬಿಟ್ಟನಂತೆ.

‘ನಿಮ್ಮ ಕಂಪ್ಯೂಟರಿಗೆ ಕಾಲಿಲ್ಲ ಮ್ಯಾಮ್. ಅವನಿಗಿವೆ. ನೋಯುವುದು ಅವನಿಗೆ’ ಎಂದರು ಕೋಚ್. ಅವತ್ತು ಅವರು ಏನನ್ನೂ ಅಗಿಯುತ್ತಿರಲಿಲ್ಲ. ‘ಒಂದು ವಾರ ಕೊಡುತ್ತೇನೆ. ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.’

ರಘು ನನ್ನನ್ನು ಒಳಗೆ ಕರೆದರು. ಕೆಲಸ ಹೋದರೆ ಶಾಖೆಯೇ ಉಳಿಯುವುದಿಲ್ಲ, ಈಗಾಗಲೇ ಒಬ್ಬರನ್ನು ಕಡಿಮೆ ಮಾಡಿ ಎಂದು ಮೇಲಿನಿಂದ ಬಂದಿದೆ ಎಂದರು. ‘ಟೀಮಲ್ಲಿ ವೀಕ್ ಯಾರು ಅಂತ ಬರೆದುಕೊಡಿ ಗಿರಿಜಾ. ಶುಕ್ರವಾರದೊಳಗೆ.’

ನಾನು ಯೋಚಿಸಲು ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಇವತ್ತಿಗೂ ನನ್ನನ್ನು ಚುಚ್ಚುವುದು ಆ ಐದು ನಿಮಿಷವೇ. ಮಹದೇವಪ್ಪನವರ ಹೆಸರು ಹಾಕಿ, ದಿನಕ್ಕೆ ಎಷ್ಟು ಸಾಲು ಬರೆಯುತ್ತಾರೆಂಬುದನ್ನು ತುಂಬಿ, ಕೆಳಗೆ ಇಂಗ್ಲಿಷಿನಲ್ಲಿ ‘ಸ್ಲೋ, ಬಟ್ ಸಿನ್ಸಿಯರ್’ ಎಂದು ಟೈಪ್ ಮಾಡಿದೆ. ಆ ಎರಡನೇ ಮಾತು ನನ್ನ ಮನಸ್ಸಾಕ್ಷಿಗೆ ಕೊಟ್ಟ ಪೆಪ್ಪರಮಿಂಟು. ಪ್ರಿಂಟ್ ಕೊಟ್ಟು ಕಾಫಿಗೆ ಹೋದೆ. ಬರುವಷ್ಟರಲ್ಲಿ ಕಾಗದ ನನ್ನ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ತಿರುಗಿಸಿ, ಸಹಿಯ ಜಾಗ ಒಂದನ್ನೇ ನೋಡಿ ಸಹಿ ಹಾಕಿ, ರಘು ಅವರ ಟ್ರೇಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಕಾಗದಗಳನ್ನೆಲ್ಲ ಹರಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ನಾನಿದ್ದದ್ದು ಪಟ್ಟಂದೂರು ಅಗ್ರಹಾರದಲ್ಲಿ, ಪಿಳ್ಳಪ್ಪ ಎಂಬವರ ಮನೆಯ ಮಹಡಿಯಲ್ಲಿ. ಪಿಳ್ಳಪ್ಪನವರಿಗೆ ಅರವತ್ತು ವರ್ಷ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿದ್ದರೂ ಬೆಳಗಾದರೆ ರಾಗಿ ಪೈರು ನೋಡಲು ಹೊರಟವರ ಹಾಗೆ ಒಂದು ಸುತ್ತು ಹೊರಡುತ್ತಿದ್ದರು. ಅವರು ಬಂದು ನನ್ನನ್ನು ನೋಡಿ ನಿಂತರು.

‘ಏನಮ್ಮಣ್ಣಿ, ಇಂಗ್ಯಾಕೆ ತಲೆ ಮ್ಯಾಗೆ ಕೈ ಒತ್ಕಂಡು ಕುಂತಿದ್ದೀಯಾ?’

ಹೇಳಿದರೆ ಅರ್ಥವಾಗುವುದಿಲ್ಲ ಎಂಬ ಓದಿದವಳ ಜಂಬದಿಂದಲೇ ಹೇಳಿದೆ. ಓಡುವವರು, ಹಿಡಿಯುವವರು, ಮೂಲೆಯಲ್ಲಿ ನಿಲ್ಲುವ ಕಾರ್ನರ್, ತಡೆಯುವ ಕವರ್.

‘ಕಾರ್ನರು, ಕವರು ಅಂದ್ರೆ ಕಬಡ್ಡಿ ಅಲ್ವಾ?’ ಎಂದರು ಪಿಳ್ಳಪ್ಪ. ಅವರ ಮುಖವೇ ಬದಲಾಯಿತು. ‘ನಮ್ ಕಾಲ್ದಾಗೆ ಕಾಡುಗೋಡಿವರೆಗೂ ನನ್ ಕಾರ್ನರ್ ಅಂದ್ರೆ ಎದರೋರು. ಯೋಳು, ಯಾರ್ನ ಎಲ್ಲಿ ನಿಲ್ಸಿದ್ದೀಯಾ?’

ಅದು ಕಬಡ್ಡಿಯಲ್ಲ ಎಂದು ನಾನು ಹೇಳುವುದರೊಳಗೆ ಅವರು ಪಂಚೆ ಎತ್ತಿ ಕಟ್ಟಿ ಪಕ್ಕದ ಖಾಲಿ ಸೈಟಿಗೆ ಇಳಿದಿದ್ದರು. ಮಂಡಿ ನೋವಿದ್ದ ಒಡಹುಟ್ಟಿದ ತಮ್ಮ ಕೆಂಪಣ್ಣನವರನ್ನು ಕೂಗಿ ಕರೆದರು. ಶಿವು ಹೇಗೂ ಒಂಬತ್ತಕ್ಕೆ ಬರುವವನಿದ್ದ, ಬಂದ. ಅವನ ಹಿಂದೆಯೇ ಸೈಕಲ್ಲಿನಲ್ಲಿ ಮಹದೇವಪ್ಪ ಬಂದರು. ಅವರನ್ನು ನಾನು ಕರೆದಿರಲಿಲ್ಲ. ಕ್ಯಾರಿಯರಿನಲ್ಲಿ ಪ್ರೋಗ್ರಾಮಿನ ಪ್ರಿಂಟುಗಳ ಕಟ್ಟು ಇತ್ತು. ನಾನು ಅವರ ಮುಖ ನೋಡಲಾರದೆ ಚೆಂಡು ತರುವ ನೆಪದಲ್ಲಿ ಮೇಲೆ ಹೋದೆ.

ಎಸೆಯುವವಳು ನಾನೇ ಎಂದಾಯಿತು. ‘ಕೆಲ್ಸ ನಿಂದು, ನೀನೇ ಎಸಿ’ ಎಂದರು ಪಿಳ್ಳಪ್ಪ. ಮೊದಲ ಐದು ಎಸೆತ ಅಲ್ಲಿ ಒಣಗಲು ಹರಡಿದ್ದ ಬೆರಣಿಗಳ ಮೇಲೆ, ಒಂದು ಪಕ್ಕದ ಮನೆಯ ಹಸುವಿನ ಮುಂದೆ ಬಿದ್ದವು. ಏಳನೆಯದು ನೆಟ್ಟಗೆ ಹೋಯಿತು. ಶಿವು ಓಡಿದ. ಆಳಿಗಾಳು ಎಂಬ ಲೆಕ್ಕದಲ್ಲಿ ನಾನು ಅವನ ಬೆನ್ನಿಗೆ ಬಿಟ್ಟದ್ದು ಕೆಂಪಣ್ಣನವರನ್ನು. ಪಾಪ, ಅವರು ನಾಲ್ಕು ಹೆಜ್ಜೆ ಕುಂಟಿ ನಿಂತುಬಿಟ್ಟರು. ಶಿವು ಸೈಟಿನ ಕೊನೆಯಲ್ಲಿ ಚೆಂಡು ಹಿಡಿದು ಕುಣಿಯುತ್ತಿದ್ದ.

ಪಿಳ್ಳಪ್ಪನವರಿಗೆ ಸಿಟ್ಟು ಬಂತು. ‘ಮಂಡಿ ಇಲ್ದೋನ್ನ ಓಡೋನ ಇಂದೆ ಬಿಟ್ರೆ ಅವನೇನ್ ಮಾಡಾನು? ತೆಪ್ಪು ಅವಂದಲ್ಲ ಅಮ್ಮಣ್ಣಿ, ನಿಲ್ಸಿದೋಳ್ದು! ಅಂಥೋರ್ಗೆ ಜಾಗ ಕಾಯಾಕೆ ಯೋಳ್ಬೇಕು. ಓಡದ್ ಬ್ಯಾಡ, ನೋಡಿದ್ರೆ ಸಾಕು.’

ನಾನು ತಡೆಯುವವರನ್ನು ಬದಲಿಸಿದೆ. ಮಹದೇವಪ್ಪನವರನ್ನು ಬಲಗಡೆ, ಕೆಂಪಣ್ಣನವರನ್ನು ಎಡಗಡೆ ನಿಲ್ಲಿಸಿ, ನಿಮ್ಮ ನಿಮ್ಮ ಜಾಗ ನೋಡಿಕೊಳ್ಳಿ ಎಂದೆ. ಮಹದೇವಪ್ಪ ಪ್ಯಾಂಟಿನ ಮಡಿಕೆ ಎತ್ತಿ, ಕನ್ನಡಕ ಸರಿಮಾಡಿಕೊಂಡು ನಿಂತರು. ಶಿವು ಓಡಿದ, ನಾನು ಎಸೆದೆ. ಮಹದೇವಪ್ಪ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಸ್ಟೋರ್ಸಿನಲ್ಲಿ ಸಾಮಾನು ಇಳಿಸಿಕೊಳ್ಳುವ ಹಾಗೆ ಎರಡೂ ಕೈಯಿಂದ ಚೆಂಡನ್ನು ಇಳಿಸಿಕೊಂಡರು. ಮತ್ತೆ ಎಸೆದೆ, ಮತ್ತೆ ಇಳಿಸಿಕೊಂಡರು. ಮೂರನೇ ಸಲ ನನಗೆ ನಿಜಕ್ಕೂ ತಲೆ ಕೆಟ್ಟಿತು.

‘ನಿಮಗೆ ಹೇಗೆ ಗೊತ್ತಾಗುತ್ತೆ ಮಹದೇವಪ್ಪನವರೇ?’

‘ಎಸೆಯೋಕೆ ಮುಂಚೆ ನೀವು ಆ ಕಡೆ ನೋಡ್ತೀರಿ ಮೇಡಂ. ಎಡಗಾಲೂ ಆ ಕಡೆಗೇ ತಿರುಗುತ್ತೆ.’

ಪಿಳ್ಳಪ್ಪ ತೊಡೆ ತಟ್ಟಿ ನಕ್ಕರು. ಮರುಕ್ಷಣವೇ ಹುಬ್ಬು ಗಂಟಿಕ್ಕಿ, ‘ಅದ್ಸರಿ, ಈಯಮ್ಮ ಎಷ್ಟೊತ್ ಬೇಕಾದ್ರೂ ನಿಂತ್ಕಂಡು ಎಸೀಬೋದಾ? ಮ್ಯಾಲೆ ಬೀಳೋರು ಯಾರೂ ಇಲ್ವಾ?’ ಎಂದು, ಉತ್ತರಕ್ಕೆ ಕಾಯದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ನನ್ನ ಮೇಲೆ ನುಗ್ಗಿಬಂದರು. ನಾನು ಚೆಂಡು ಬಿಟ್ಟು ಕಿರುಚಿಕೊಂಡು ಮೆಟ್ಟಿಲು ಹತ್ತಿದೆ. ಅಲ್ಲಿಗೆ ಇನ್ನೊಂದು ಪಾಠವಾಯಿತು: ಎಸೆಯುವವನ ಮೇಲೆ ಬೇಗ ಬೀಳುವ ಜನ ನಮ್ಮಲ್ಲಿದ್ದರೆ ಹಿಂದೆ ನಿಂತವರು ಸ್ವಲ್ಪ ಹೊತ್ತು ಕಾದರೆ ಸಾಕು, ಅಂಥವರಿಲ್ಲದಿದ್ದರೆ ಎಂಥ ಕಾವಲೂ ತೂತು ಬೀಳುತ್ತದೆ. ಕೋಚ್ ಇದನ್ನು ನಲವತ್ತು ನಿಮಿಷ ವಿವರಿಸಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ.

ಆಮೇಲೆ ಪಿಳ್ಳಪ್ಪನವರ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿಯುತ್ತಾ ಜಗಲಿಯಲ್ಲಿ ಕೂತಾಗ ಮಹದೇವಪ್ಪ ಪ್ರಿಂಟಿನ ಕಟ್ಟು ಬಿಚ್ಚಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ಹನ್ನೊಂದು ಹುಡುಗರ ವೇಗ ಕೂಡಿಸಿ ಹನ್ನೊಂದರಿಂದ ಭಾಗಿಸಿದ್ದ ಸಾಲು ಅದು. ಬರೆದವಳು ನಾನು.

‘ಇಲ್ಲಿ ಸರಾಸರಿ ತಗೊಂಡಿದ್ದೀರಿ ಮೇಡಂ. ಹತ್ತು ಜನ ಜೋರಾಗಿ ಓಡ್ತಾರೆ, ಆ ಇಪ್ಪತ್ತನಾಲ್ಕನೇ ನಂಬರಿನ ಹುಡುಗ ಓಡಲ್ಲ. ಸರಾಸರಿಯಲ್ಲಿ ಅವನು ಕಾಣೋದೇ ಇಲ್ಲ. ನಮ್ಮ ಸ್ಟೋರ್ಸಲ್ಲಿ ಹೇಳೋರು, ಸರಾಸರಿ ಬೋಲ್ಟು ಯಾವ ನಟ್ಟಿಗೂ ಕೂರಲ್ಲ ಅಂತ.’

ಶಿವು ಮಜ್ಜಿಗೆ ಲೋಟ ಕೆಳಗಿಟ್ಟು, ‘ಸಕ್ಕತ್ ಗುರು!’ ಎಂದ. ನಾನು ಪೆನ್ನು ತೆಗೆದು ಆ ಸಾಲಿಗೆ ಅಡ್ಡಗೆರೆ ಎಳೆದೆ.

ಸೋಮವಾರದಿಂದ ಬುಧವಾರದವರೆಗೆ ಆ ಸಾಲನ್ನು ಕಿತ್ತುಹಾಕಿ ಹೊಸದಾಗಿ ಬರೆದೆವು. ಒಬ್ಬೊಬ್ಬ ಹುಡುಗನನ್ನೂ ಅವನ ಪಾಲಿನ ಕೆಲಸದ ಎದುರಿಗೆ ಇಟ್ಟು ಅಳೆಯುವುದು. ಎಲ್ಲಕ್ಕಿಂತ ಕೆಟ್ಟದಾಗಿ ಹೊಂದುವವನು ಯಾರೋ ಅವನನ್ನು ನೋಡಿ ದಾರಿ ಆರಿಸುವುದು. ಗುರುವಾರ ಬೆಳಿಗ್ಗೆ ಏಳಕ್ಕೆ ಕೋಚ್ ಮತ್ತೆ ತಮ್ಮ ಹುಡುಗರನ್ನು ತುಂಬಿದರು. ಈ ಸಲ ಕಂಪ್ಯೂಟರು ‘ಜಾಗ ಕಾಯುವುದು’ ಎಂದಿತು. ಆಗ, ಅದುವರೆಗೆ ಒಂದು ಕರೆಯಲ್ಲೂ ಬಾಯಿ ಬಿಡದ ಮಹದೇವಪ್ಪ ಮುಂದೆ ಬಾಗಿ, ತಮ್ಮ ಸ್ಟೋರ್ಸಿನ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದರು. ಇಪ್ಪತ್ತನಾಲ್ಕನೇ ನಂಬರಿನ ಹುಡುಗ ಓಡಲಾರ, ಸರಿ, ಅವನು ನೋಡಬಲ್ಲನೇ?

‘ನೋಡಬಲ್ಲ’ ಎಂದರು ಕೋಚ್ ನಿಧಾನವಾಗಿ. ‘ಎಲ್ಲರಿಗಿಂತ ಚೆನ್ನಾಗಿ ನೋಡಬಲ್ಲ. ನಿಮ್ಮ ಪ್ರೋಗ್ರಾಮಿನಲ್ಲಿ ಅದನ್ನು ತುಂಬಲು ಜಾಗವೇ ಇರಲಿಲ್ಲವಲ್ಲ.’ ಸ್ವಲ್ಪ ಬಿಟ್ಟು, ‘ಈ ಪ್ರಶ್ನೆ ಕೇಳಿದವರು ಯಾರು? ಇನ್ನು ಮುಂದೆ ಪ್ರತಿ ಕರೆಯಲ್ಲೂ ಅವರು ಇರಲಿ’ ಎಂದರು. ಮತ್ತೆ ಏನನ್ನೋ ಅಗಿಯುವ ಸದ್ದು ಕೇಳಿಸಿತು. ನನಗೆ ಅಂಥ ಇಂಪಾದ ಸದ್ದನ್ನು ಕೇಳಿದ ನೆನಪಿಲ್ಲ.

ಕರೆ ಮುಗಿಯುತ್ತಲೇ ನಾನು ರಘು ಅವರ ಕೋಣೆಗೆ ಓಡಿದೆ. ಶುಕ್ರವಾರದ ಕಾಗದ ವಾಪಸು ಬೇಕು ಎಂದೆ.

‘ಅದು ಹೆಡ್ ಆಫೀಸಿಗೆ ಫ್ಯಾಕ್ಸ್ ಆಗ್ಬಿಟ್ಟಿದೆ ಗಿರಿಜಾ. ನೀವೇ ಬರೆದದ್ದಲ್ವಾ?’ ಎಂದು ಅವರು ಮೂಲ ಪ್ರತಿಯನ್ನು ನನ್ನ ಮುಂದೆ ಹಿಡಿದರು.

ನೋಡಿದೆ. ‘ಸಿನ್ಸಿಯರ್’ ಎಂಬ ಪದದಲ್ಲಿ ನಾನು ಒಂದು ಅಕ್ಷರ ತಪ್ಪಾಗಿ ಒತ್ತಿದ್ದೆ. ಅದರ ಮೇಲೆ ಸಣ್ಣಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಸರಿಯಾದ ಅಕ್ಷರವನ್ನು ನೆಟ್ಟಗೆ, ಗುಂಡಗೆ ಬರೆದಿತ್ತು. ಆ ಕೈಬರಹ ನನಗೆ ಗೊತ್ತಿತ್ತು. ಇಡೀ ಆಫೀಸಿನಲ್ಲಿ ಹಾಗೆ ಬರೆಯುವವರು ಒಬ್ಬರೇ.

ಆಮೇಲೆ ನಾನು ರಘು ಅವರ ಮುಂದೆ ಏನೇನು ಕೂಗಾಡಿದೆನೋ ಪೂರ್ತಿ ನೆನಪಿಲ್ಲ. ಮಹದೇವಪ್ಪನವರನ್ನು ಓಡುವ ಕೆಲಸಕ್ಕೆ ಹಾಕಿದವಳು ನಾನು, ತಪ್ಪು ನನ್ನದು ಎಂದೆ; ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸಕ್ಕೆ ಅವರನ್ನು ಹಾಕಿ ಎಂದೆ; ಇಲ್ಲವಾದರೆ ಮುಂದಿನ ಗುರುವಾರ ಪ್ರಶ್ನೆ ಕೇಳಿದವರು ಎಲ್ಲಿ ಎಂದು ಕೋಚ್ ಕೇಳಿದಾಗ ನೀವೇ ಉತ್ತರ ಕೊಡಿ ಎಂದೆ. ಕೊನೆಯದು ನಾಟಿತು. ರಘು ಗೊಣಗುತ್ತಾ ಹೆಡ್ ಆಫೀಸಿಗೆ ಇನ್ನೊಂದು ಫ್ಯಾಕ್ಸ್ ಬರೆದರು. ನಾನು ಅದು ಯಂತ್ರದೊಳಗೆ ಹೋಗಿ ಹೊರಬರುವವರೆಗೆ ಅಲ್ಲೇ ನಿಂತಿದ್ದೆ.

ಹೊರಗೆ ಬಂದಾಗ ಮಹದೇವಪ್ಪ ತಮ್ಮ ಜಾಗದಲ್ಲಿ ಕೂತು, ಒಂದಕ್ಷರ ಒತ್ತಿ, ಅದು ಬಂತೋ ಇಲ್ಲವೋ ಎಂದು ನೋಡುತ್ತಿದ್ದರು. ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. ಸೋಮವಾರದಿಂದ ಟೆಸ್ಟಿಂಗ್ ಎಂದು ಹೇಳಿದೆ. ಅವರು ತಲೆಯಾಡಿಸಿದರು.

‘ಆ ಕಾಗದ ನೀವು ನೋಡಿದ್ರಿ, ಅಲ್ವಾ?’

‘ಪ್ರಿಂಟರಿನ ಮೇಲಿತ್ತು ಮೇಡಂ. ಬೇರೆಯವರು ನೋಡೋದು ಬೇಡ ಅಂತ ನಿಮ್ಮ ಮೇಜಿನ ಮೇಲೆ ಬೋರಲು ಹಾಕಿದೆ. ಸ್ಪೆಲ್ಲಿಂಗ್ ತಪ್ಪಿತ್ತು. ನಿಮ್ಮ ಸಹಿ ಇರೋ ಕಾಗದ ತಪ್ಪಾಗಿ ಹೋಗಬಾರದಲ್ವಾ?’

‘ಅದರಲ್ಲಿ ಏನು ಬರೆದಿತ್ತು ಅಂತ ಓದಿದ್ರಲ್ಲ!’ ನನ್ನ ದನಿ ಏರಿತು. ಸಿಟ್ಟು ಯಾರ ಮೇಲೆಂದು ನನಗೇ ತಿಳಿಯಲಿಲ್ಲ. ‘ಓದಿಯೂ ಭಾನುವಾರ ಸೈಕಲ್ ತುಳ್ಕೊಂಡು ಅಷ್ಟು ದೂರ ಯಾಕೆ ಬಂದ್ರಿ?’

ಮಹದೇವಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಇಷ್ಟು ಸುಲಭದ್ದನ್ನು ಯಾಕೆ ಕೇಳುತ್ತಾಳೆ ಎಂಬ ಹಾಗೆ ನನ್ನನ್ನು ನೋಡಿದರು.

‘ಪ್ರೋಗ್ರಾಂ ತಪ್ಪಿತ್ತಲ್ಲ ಮೇಡಂ’ ಎಂದರು.